ಮರೆಯಲ್ಲಿ ನಿಂತು ನೋಡುವವರು

ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಈಗ ಅವಳೂ ಒಂದು ಪ್ರೌಢಶಾಲೆಯಲ್ಲಿ ಉಪಾಧ್ಯಾಯಿನಿ. ಮಾತು ಪಠ್ಯಪುಸ್ತಕ, ಪರೀಕ್ಷೆ, ಮಕ್ಕಳ ಕಾಗುಣಿತ ಎಂದು ಸುತ್ತಾಡಿ ಕೊನೆಗೆ ಅವಳ ಕೈಯಲ್ಲಿದ್ದ ಮೊಬೈಲಿನ ಬಳಿ ಬಂದು ನಿಂತಿತು. “ಸಾರ್, ನನ್ನ ಫೇಸ್‌ಬುಕ್ ಪುಟವನ್ನು ಯಾರು ಯಾರು ಗುಟ್ಟಾಗಿ ನೋಡಿಕೊಂಡು ಹೋಗುತ್ತಾರೆ ಅಂತ ತಿಳಿಯೋದಕ್ಕೆ ಏನಾದರೂ ಉಪಾಯ ಇದೆಯೆ?” ಎಂದು ಕೇಳಿದಳು. ನಗುತ್ತಲೇ ಕೇಳಿದಳು. ಆದರೆ ಆ ನಗೆಯ ಹಿಂದೆ ಒಂದು ಆತಂಕವೂ, ಆತಂಕದ ಹಿಂದೆ, ಅವಳು ನನ್ನನ್ನು ಕ್ಷಮಿಸಬೇಕು, ಒಂದು ಆಸೆಯೂ ಅಡಗಿರುವಂತೆ ನನಗೆ ತೋರಿತು.

ಈ ಪ್ರಶ್ನೆ ಅವಳೊಬ್ಬಳದೇ ಅಲ್ಲ. ಸಮಾಜಜಾಲಗಳಲ್ಲಿ ತಮ್ಮದೊಂದು ಪುಟವನ್ನು ತೆರೆದುಕೊಂಡಿರುವವರಲ್ಲಿ ಇದನ್ನು ಒಮ್ಮೆಯಾದರೂ ಕೇಳಿಕೊಳ್ಳದವರು ವಿರಳ. ಹಿಂದೆ ಜಗುಲಿಯ ಮೇಲೆ ಕುಳಿತವನಿಗೆ ಬೀದಿಯಲ್ಲಿ ಹೋಗುವವರು ಕಾಣುತ್ತಿದ್ದರು, ಬೀದಿಯವರಿಗೆ ಅವನೂ ಕಾಣುತ್ತಿದ್ದ. ಬಾಗಿಲ ಸಂದಿನಿಂದ ಇಣುಕುವವರು ಆಗಲೂ ಇದ್ದರು, ನಿಜ. ಆದರೂ ಬಳೆಯ ಸದ್ದೋ ಕೆಮ್ಮೋ ಅವರ ಗುಟ್ಟನ್ನು ಹೊರಗೆಡಹುತ್ತಿತ್ತು. ಈಗಿನ ಜಗುಲಿಯ ವ್ಯವಸ್ಥೆಯೇ ಬೇರೆ. ಕುಳಿತವನ ಮೇಲೆ ಮಾತ್ರ ದೀಪ ಬೆಳಗುತ್ತದೆ, ಬೀದಿಯಲ್ಲಿ ಕಗ್ಗತ್ತಲು. ಮೆಚ್ಚುಗೆಯ ಗುರುತೊತ್ತಿದ ಹತ್ತು ಮಂದಿ ಕಾಣುತ್ತಾರೆ. ಒತ್ತದೆ ಹೋದವರು ಎಷ್ಟು ಮಂದಿ, ಯಾರು, ಏಕೆ ಬಂದರು, ಎಷ್ಟು ಹೊತ್ತು ನಿಂತರು, ಒಂದೂ ತಿಳಿಯದು. ಇಂಥಲ್ಲಿ ಮನಸ್ಸು ಕುತೂಹಲಗೊಳ್ಳದಿದ್ದರೆ ಅದೇ ಆಶ್ಚರ್ಯ.

ಅವಳ ಪ್ರಶ್ನೆಗೆ ನೇರವಾದ ಉತ್ತರ ಚಿಕ್ಕದು. ಫೇಸ್‌ಬುಕ್ಕಿನಲ್ಲಿ ಅದು ಸಾಧ್ಯವಿಲ್ಲ. ಪುಟವನ್ನು ನೋಡಿದವರ ಹೆಸರನ್ನು ತಾನು ಯಾರಿಗೂ ತಿಳಿಸುವುದಿಲ್ಲ, ಹೊರಗಿನ ಯಾವ ಆ್ಯಪ್ ಕೂಡ ತಿಳಿಸಲಾರದು ಎಂದು ಆ ಸಂಸ್ಥೆಯೇ ಸ್ಪಷ್ಟವಾಗಿ ಹೇಳಿದೆ. ಇನ್‌ಸ್ಟಾಗ್ರಾಂನಲ್ಲೂ ಪುಟ ನೋಡಿದವರ ಪಟ್ಟಿ ಸಿಗುವುದಿಲ್ಲ. ೨೦೧೬ರಲ್ಲಿ ಆರಂಭವಾದ, ಒಂದು ದಿನ ಮಾತ್ರ ಉಳಿಯುವ ‘ಸ್ಟೋರಿ’ಯನ್ನು ನೋಡಿದವರ ಹೆಸರು ಮಾತ್ರ ಸಿಗುತ್ತದೆ. ವಾಟ್ಸಾಪ್‌ನ ‘ಸ್ಟೇಟಸ್’ ನೋಡಿದವರ ಹೆಸರೂ ಕಾಣುತ್ತದೆ, ಆದರೆ ಓದಿದ ಗುರುತನ್ನು ಆರಿಸಿಟ್ಟವರು ಕಾಣರು. ಹಾಗೆ ಆರಿಸಿಟ್ಟವರಿಗೆ ಇತರರೂ ಕಾಣರು. ಉದ್ಯೋಗಾರ್ಥಿಗಳ ತಾಣವಾದ ಲಿಂಕ್ಡ್‌ಇನ್ ಈ ಸಂಗತಿಯನ್ನು ಒಂದು ಸೌಕರ್ಯವಾಗಿ ಮಾಡಿಟ್ಟಿದೆ. ಅಲ್ಲಿಯೂ ಮರೆಯಾಗಿ ನೋಡುವ ದಾರಿಯುಂಟು. ಹಣ ತೆರದೆ ಆ ಮರೆಯನ್ನು ಆರಿಸಿಕೊಂಡವನಿಗೆ ತನ್ನನ್ನು ನೋಡಿದವರ ಪಟ್ಟಿ ದೊರೆಯದು. ಕೊಟ್ಟು ಕೊಳ್ಳುವ ನ್ಯಾಯ!

ನಮ್ಮಲ್ಲಿ ಕೆಲವರಿಗೆ ಆರ್ಕುಟ್ ನೆನಪಿರಬಹುದು. ೨೦೦೪ರ ಜನವರಿಯಲ್ಲಿ ಹುಟ್ಟಿ, ಭಾರತದಲ್ಲಿಯೂ ಬ್ರೆಜಿಲ್‌ನಲ್ಲಿಯೂ ಅಪಾರ ಜನಪ್ರಿಯತೆ ಪಡೆದು, ೨೦೧೪ರ ಸೆಪ್ಟೆಂಬರ್ ೩೦ರಂದು ಕಣ್ಮುಚ್ಚಿದ ತಾಣ ಅದು. ಅಲ್ಲಿ ನಿಮ್ಮ ಪುಟಕ್ಕೆ ಇತ್ತೀಚೆಗೆ ಬಂದುಹೋದವರ ಹೆಸರುಗಳು ಕಾಣುತ್ತಿದ್ದವು. ಆಗ ನಾನು ಕಂಡದ್ದನ್ನು ಹೇಳುತ್ತೇನೆ. ಮೊದಲ ವಾರ ಎಲ್ಲರಿಗೂ ಸಂಭ್ರಮ. ಎರಡನೆಯ ವಾರ, ತಾವು ನೋಡಿದ್ದೂ ಇತರರಿಗೆ ಕಾಣುತ್ತದೆ ಎಂಬ ಅರಿವು. ಮೂರನೆಯ ವಾರದ ಹೊತ್ತಿಗೆ ನನ್ನ ಪರಿಚಿತರಲ್ಲಿ ಅನೇಕರು ಆ ಸೌಕರ್ಯವನ್ನು ಮುಚ್ಚಿಟ್ಟಿದ್ದರು. ಕಾಣಬೇಕೆಂಬ ಆಸೆಗಿಂತ ಕಾಣಿಸಿಕೊಳ್ಳಬಾರದೆಂಬ ಆಸೆ ಬಲವಾದದ್ದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಆದರೆ ‘ಸಾಧ್ಯವಿಲ್ಲ’ ಎಂಬ ಮಾತಿನಿಂದ ತೃಪ್ತಿಪಡುವ ಜಾತಿಯಲ್ಲ ನಮ್ಮದು. ಉತ್ತರವಿಲ್ಲದೆಡೆ ಶಕುನ ಹುಟ್ಟಿಕೊಳ್ಳುತ್ತದೆ. ಫೇಸ್‌ಬುಕ್ ಪುಟದ ಒಳಗಣ ಸಂಕೇತಲಿಪಿಯನ್ನು ತೆರೆದರೆ ಒಂದೆಡೆ ಅಂಕೆಗಳ ಸಾಲು ಸಿಗುತ್ತದೆ, ಅದೇ ನಿಮ್ಮನ್ನು ಕದ್ದು ನೋಡುವವರ ಪಟ್ಟಿ ಎಂಬ ವದಂತಿ ವರ್ಷಗಟ್ಟಲೆ ಓಡಾಡಿತು. ಅದು ಹರಟೆಯ ಪೆಟ್ಟಿಗೆಯಲ್ಲಿ ತೋರಿಸಬೇಕಾದ ಸ್ನೇಹಿತರ ಪಟ್ಟಿ, ಅಷ್ಟೆ. ಇನ್‌ಸ್ಟಾಗ್ರಾಂ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವ ಹೆಸರು ಪದೇ ಪದೇ ಬಂದು ನೋಡುವವರದು ಎಂಬುದು ಇನ್ನೊಂದು ನಂಬಿಕೆ. ಯಂತ್ರ ಆ ಸಾಲನ್ನು ತನ್ನದೇ ಲೆಕ್ಕದಿಂದ ಜೋಡಿಸುತ್ತದೆ. ಮೇಲಿನ ಹೆಸರಿಗೆ ಅಂಥ ಅರ್ಥ ಕಟ್ಟಲು ಆಧಾರವಿಲ್ಲ. ‘ಇವರು ನಿಮಗೆ ಪರಿಚಿತರಿರಬಹುದು’ ಎಂದು ಒಂದು ಮುಖ ಎದುರು ಬಂದರೆ ‘ಅವರು ನನ್ನನ್ನು ಹುಡುಕಿರಬೇಕು’ ಎಂದು ಹಿಗ್ಗುವವರಿದ್ದಾರೆ, ಬೆವರುವವರೂ ಇದ್ದಾರೆ. ಅದು ಬರುವುದು ಇಬ್ಬರಿಗೂ ಸಮಾನರಾದ ಸ್ನೇಹಿತರಿಂದ, ಓದಿದ ಶಾಲೆಯಿಂದ, ನಾವೇ ಒಪ್ಪಿಸಿಕೊಟ್ಟ ದೂರವಾಣಿ ಸಂಖ್ಯೆಗಳಿಂದ. ಹಲ್ಲಿ ಲೊಚಗುಟ್ಟಿದ ದಿಕ್ಕನ್ನು ನೋಡಿ ಫಲ ಹೇಳುತ್ತಿದ್ದ ನಮ್ಮ ಹಿರಿಯರನ್ನು ನಗೆಯಾಡುವ ಅಧಿಕಾರ ನಮಗೆ ಉಳಿದಿಲ್ಲ.

ಶಕುನವಾದರೂ ಬಡಪಾಯಿ, ಯಾರ ಗಂಟನ್ನೂ ಕದಿಯುವುದಿಲ್ಲ. ಕದಿಯುವವನು ಶಕುನ ಮಾರುವವನು. ನನ್ನ ಸಹೋದ್ಯೋಗಿಯೊಬ್ಬರ ಕಥೆ ಕೇಳಿ. ಗಣಿತದ ಮೇಷ್ಟ್ರು, ಯಾವ ಮಾತನ್ನೂ ಸಾಧನೆಯಿಲ್ಲದೆ ಒಪ್ಪುವವರಲ್ಲ. ಒಂದು ರಾತ್ರಿ ‘ನಿಮ್ಮನ್ನು ಗುಟ್ಟಾಗಿ ನೋಡುತ್ತಿರುವ ಐವರು ಯಾರು ಗೊತ್ತೆ?’ ಎಂಬ ಆಹ್ವಾನ ಮೊಬೈಲಿನಲ್ಲಿ ಕಾಣಿಸಿತು. ಒತ್ತಿದರು. ಮಸುಕಾದ ಐದು ಮುಖಗಳು ಬಂದವು; ಸ್ಪಷ್ಟವಾಗಿ ಕಾಣಬೇಕಾದರೆ ಪಾಸ್‌ವರ್ಡ್ ಕೊಡಿ ಎಂದಿತು. ಕೊಟ್ಟರು. ಮುಖಗಳು ಸ್ಪಷ್ಟವಾಗಲಿಲ್ಲ. ಮರುದಿನ ಬೆಳಗ್ಗೆ ಅವರ ಹೆಸರಿನಿಂದ ಅವರ ಬಂಧುಗಳಿಗೆಲ್ಲ ‘ಆಸ್ಪತ್ರೆಯಲ್ಲಿದ್ದೇನೆ, ತುರ್ತಾಗಿ ಹಣ ಕಳುಹಿಸಿ’ ಎಂಬ ಬೇಡಿಕೆ ಹೋಗಿತ್ತು. ಇಬ್ಬರು ಕಳುಹಿಸಿಯೂ ಬಿಟ್ಟಿದ್ದರು. “ಹಣ ಹೋದದ್ದಕ್ಕಿಂತ, ಯಾಕೆ ಹೋಯಿತು ಎಂದು ಅವರಿಗೆ ಹೇಳುವುದೇ ಕಷ್ಟವಾಯಿತು ನೋಡಿ” ಎಂದರು ನನ್ನೊಡನೆ. ಈ ಮೋಸದ ಬಲವಿರುವುದು ಅಲ್ಲಿಯೇ. ಬೇರೆ ವಂಚನೆಯಾದರೆ ಪೊಲೀಸರ ಬಳಿಗೆ ಹೋಗುತ್ತೇವೆ. ಇಲ್ಲಿ ವಂಚಿತನು ತನ್ನ ಆಸೆಯನ್ನೂ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಆದ್ದರಿಂದ ಮೌನವಾಗಿ ಉಳಿಯುತ್ತಾನೆ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೬ಸಿ ಪ್ರಕರಣದಂತೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಹಣ ಹೋದೊಡನೆ ದೂರು ಹೇಳಲು ೧೯೩೦ ಎಂಬ ದೂರವಾಣಿ ಸಂಖ್ಯೆಯೂ ಇದೆ. ನಮ್ಮ ಮೇಷ್ಟ್ರು ನಾಚಿಕೆಯಿಂದ ಆ ಕಡೆಗೆ ಹೋಗಲೇ ಇಲ್ಲ.

ಇನ್ನೂ ಸೂಕ್ಷ್ಮವಾದ ನೋಟವೊಂದಿದೆ, ಅದರ ವಿಷಯ ನಾವು ಕೇಳುವುದೇ ಇಲ್ಲ. ಪಕ್ಕದ ಮನೆಯವನು ನನ್ನ ಚಿತ್ರವನ್ನು ಎರಡು ಬಾರಿ ನೋಡಿದನೇ ಎಂದು ತಲೆಕೆಡಿಸಿಕೊಳ್ಳುವ ನಾವು, ಪುಟದ ಒಡೆಯನಾದ ಸಂಸ್ಥೆ ನಾವು ಯಾವುದರ ಮುಂದೆ ಎಷ್ಟು ಹೊತ್ತು ನಿಂತೆವು, ಯಾವುದನ್ನು ಹುಡುಕಿದೆವು ಎಂಬುದನ್ನೆಲ್ಲ ಬರೆದಿಡುತ್ತದೆ ಎಂಬುದನ್ನು ಮರೆತಿರುತ್ತೇವೆ. ೨೦೧೮ರಲ್ಲಿ ಕೇಂಬ್ರಿಜ್ ಅನಲಿಟಿಕ ಎಂಬ ಬ್ರಿಟಿಷ್ ಸಂಸ್ಥೆಯ ಹಗರಣ ಬಯಲಾಯಿತು. ನಿಮ್ಮ ಸ್ವಭಾವವೇನು ಎಂದು ಹೇಳುತ್ತೇನೆನ್ನುವ ಒಂದು ಪ್ರಶ್ನಾವಳಿಯ ಆ್ಯಪ್. ಅದನ್ನು ಹಾಕಿಕೊಂಡವರ ವಿವರವಷ್ಟೇ ಅಲ್ಲ, ಅವರ ಸ್ನೇಹಿತರ ವಿವರವೂ ಅದರ ಕೈ ಸೇರಿತ್ತು. ಜಗತ್ತಿನಲ್ಲಿ ಎಂಟು ಕೋಟಿ ಎಪ್ಪತ್ತು ಲಕ್ಷದವರೆಗೆ ಜನರ ವಿವರ ಹೀಗೆ ಹೋಗಿರಬಹುದೆಂದು ಫೇಸ್‌ಬುಕ್ ತಾನೇ ಒಪ್ಪಿತು. ಭಾರತದ ಲೆಕ್ಕ ಗಮನಾರ್ಹ: ಆ ಆ್ಯಪ್ ಹಾಕಿಕೊಂಡವರು ಕೇವಲ ೩೩೫ ಮಂದಿ, ಅವರ ಸ್ನೇಹದ ಎಳೆ ಹಿಡಿದು ವಿವರ ಹೋಗಿರಬಹುದಾದವರು ಸುಮಾರು ೫ ಲಕ್ಷ ೬೨ ಸಾವಿರ. ಆ ೩೩೫ ಮಂದಿಯೂ ಕೇಳಿದ್ದು ಬಹುಮಟ್ಟಿಗೆ ನನ್ನ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯನ್ನೇ: ಕನ್ನಡಿಯೇ, ನಾನು ಹೇಗೆ ಕಾಣುತ್ತೇನೆ?

ಇರಲಿ. ನಾನು ಹೇಳಬೇಕೆಂದಿರುವ ಮಾತು ಇದಕ್ಕಿಂತ ಸ್ವಲ್ಪ ಬೇರೆ, ಕೆಲವರಿಗೆ ರುಚಿಸದಿರಲೂಬಹುದು. ಮರೆಯಲ್ಲಿ ನಿಂತು ನೋಡುವವರ ಹೆಸರು ತಿಳಿಯದಿರುವುದು ಒಂದು ಕೊರತೆಯೆಂದು ಎಲ್ಲರೂ ಭಾವಿಸುತ್ತಾರೆ. ನನಗೆ ಅದು ಉಳಿಸಿಕೊಳ್ಳಬೇಕಾದ ಒಂದು ಸೌಜನ್ಯವೆಂದು ತೋರುತ್ತದೆ.

ಶಾಕುಂತಲ ನಾಟಕವನ್ನು ನೆನೆಯಿರಿ. ಮೊದಲ ಅಂಕದಲ್ಲಿ ದುಷ್ಯಂತ ಮರದ ಮರೆಯಲ್ಲಿ ನಿಂತು ಗಿಡಗಳಿಗೆ ನೀರೆರೆಯುವ ಕನ್ಯೆಯರನ್ನು ನೋಡುತ್ತಾನೆ. ಕಾವ್ಯದಲ್ಲಿ ರಮ್ಯವಾದದ್ದು; ಆದರೂ ಇಂದಿನ ತರಗತಿಯಲ್ಲಿ ಅದನ್ನು ಪಾಠ ಹೇಳುವಾಗ ಹಿಂದಿನ ಬೆಂಚಿನ ಹುಡುಗಿಯರು ಹುಬ್ಬೇರಿಸುವುದನ್ನು ಕಂಡಿದ್ದೇನೆ, ಅವರು ಹುಬ್ಬೇರಿಸುವುದು ನ್ಯಾಯವೂ ಹೌದು. ಆರನೆಯ ಅಂಕದ ಗೂಢ ನೋಟದ ಬಗೆಯೇ ಬೇರೆ. ಉಂಗುರ ಸಿಕ್ಕಿ ನೆನಪು ಮರಳಿದ ದುಷ್ಯಂತ ತಾನು ಬರೆದ ಶಕುಂತಲೆಯ ಚಿತ್ರಪಟವನ್ನು ಮುಂದಿಟ್ಟುಕೊಂಡು ಕೊರಗುತ್ತಿದ್ದಾನೆ. ಮೇನಕೆಯ ಗೆಳತಿಯಾದ ಅಪ್ಸರೆ ಸಾನುಮತಿ ತಿರಸ್ಕರಿಣೀ ವಿದ್ಯೆಯಿಂದ ಕಣ್ಣಿಗೆ ಕಾಣದಂತೆ ನಿಂತು ಅದೆಲ್ಲವನ್ನೂ ನೋಡುತ್ತಾಳೆ. ನೋಡಿ, ಶಕುಂತಲೆಗೆ ಸಮಾಧಾನ ಹೇಳಲು ಹೊರಟುಹೋಗುತ್ತಾಳೆ. ಅವಳು ಬಂದದ್ದು ಅರಸನಿಗೆ ಗೊತ್ತಾಗಿದ್ದರೆ ಆ ಕಣ್ಣೀರು ಅಷ್ಟು ನಿಜವಾಗಿರುತ್ತಿತ್ತೇ? ಸಾನುಮತಿಗಾದರೂ ಅಷ್ಟು ಹತ್ತಿರ ನಿಲ್ಲುವ ಧೈರ್ಯವಿರುತ್ತಿತ್ತೇ?

ನಮ್ಮ ಪುಟಗಳಿಗೂ ಸಾನುಮತಿಯರು ಬರುತ್ತಾರೆ. ಜಗಳವಾಡಿ ಮನೆ ಬಿಟ್ಟ ಮಗನ ಚಿತ್ರವನ್ನು ರಾತ್ರಿ ಹೊತ್ತು ತೆಗೆದು ನೋಡುವ ತಂದೆ. ಆಸ್ತಿಯ ವ್ಯಾಜ್ಯದಲ್ಲಿ ಮಾತು ಬಿಟ್ಟ ತಂಗಿಯ ಮಗುವಿನ ನಾಮಕರಣ ಹೇಗಾಯಿತು ಎಂದು ಇಣುಕುವ ಅಣ್ಣ. ಹೊರದೇಶಕ್ಕೆ ಹೋದ ಶಿಷ್ಯ ಸುಖವಾಗಿದ್ದಾನೆಯೇ ಎಂದು ನೋಡುವ ಮುದಿ ಉಪಾಧ್ಯಾಯ. ಇವರ ಹೆಸರುಗಳನ್ನೆಲ್ಲ ಯಂತ್ರವೊಂದು ಮರುಕ್ಷಣವೇ ಒಪ್ಪಿಸಿಬಿಟ್ಟರೆ ಇವರು ಮತ್ತೆ ಬರುವುದಿಲ್ಲ. ನನಗೂ ಅಂಥ ಒಬ್ಬ ಗೆಳೆಯನಿದ್ದಾನೆ. ಒಂದು ಪುಸ್ತಕದ ವಿಮರ್ಶೆಯಲ್ಲಿ ನಾನು ಬರೆದ ನಾಲ್ಕು ಕಟುವಾದ ಸಾಲುಗಳಿಂದ ನಮ್ಮ ಮಾತು ನಿಂತು ಹದಿನಾಲ್ಕು ವರ್ಷವಾಯಿತು. ತಿಂಗಳಿಗೊಮ್ಮೆ ಅವನ ಪುಟಕ್ಕೆ ಹೋಗುತ್ತೇನೆ. ಕಳೆದ ಚಳಿಗಾಲದಲ್ಲಿ ಅವನು ಕೋಲು ಹಿಡಿದಿದ್ದ. ಯುಗಾದಿಯ ಹೊತ್ತಿಗೆ ಕೋಲಿಲ್ಲದೆ ಮೊಮ್ಮಗಳ ಜೊತೆ ನಿಂತಿದ್ದ. ಮೆಚ್ಚುಗೆಯ ಗುರುತಿನ ಹತ್ತಿರದವರೆಗೆ ಹೋದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡೆ. ನಾನು ಬಂದುಹೋಗುವುದು ಅವನಿಗೆ ತಿಳಿಯುವಂತಿದ್ದರೆ ನಾನು ಹೋಗುತ್ತಿರಲಿಲ್ಲ. ಹೇಡಿತನವೆನ್ನುವವರು ಎನ್ನಲಿ.

ಇಷ್ಟನ್ನೂ ನನ್ನ ವಿದ್ಯಾರ್ಥಿನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಲ್ಲರೂ ಸಾನುಮತಿಯೇ ಆಗಿರಲ್ಲ ಸಾರ್” ಎಂದಳು. ಆಗ ಹೊರಬಿತ್ತು ಆತಂಕದ ಮೂಲ. ಹಿಂದೆ ಕೆಲಸ ಮಾಡುತ್ತಿದ್ದ ಊರಿನಲ್ಲಿ ಒಬ್ಬ ಅವಳನ್ನು ಕಾಡುತ್ತಿದ್ದನಂತೆ. ವರ್ಗವಾಗಿ ಬಂದ ಮೇಲೂ, ಅವಳು ಯಾವ ದಿನ ಎಲ್ಲಿಗೆ ಹೋಗಿದ್ದಳು ಎಂಬುದು ಅವನಿಗೆ ಗೊತ್ತಿದೆಯೆಂದು ಹಳೆಯ ಗೆಳತಿಯೊಬ್ಬಳು ತಿಳಿಸಿದ್ದಳು. ನಾನು ಇಷ್ಟು ಹೊತ್ತು ಕಾವ್ಯವನ್ನು ಹೇಳುತ್ತ ಕುಳಿತಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಇಂಥಲ್ಲಿ ಸೌಜನ್ಯದ ಮಾತಿಗೆ ಎಡೆಯಿಲ್ಲ. ಸ್ತ್ರೀಯೊಬ್ಬಳು ಅಂತರಜಾಲವನ್ನು ಬಳಸುವುದರ ಮೇಲೆ ಕಣ್ಣಿಟ್ಟು ಬೆನ್ನುಹತ್ತುವುದನ್ನು ೨೦೧೩ರಲ್ಲಿಯೇ ಶಾಸನ ಅಪರಾಧವೆಂದು ಸಾರಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೭೮ನೆಯ ಪ್ರಕರಣ ಅದನ್ನೇ ಹೇಳುತ್ತದೆ. ಮೊದಲ ಸಲಕ್ಕೆ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಶಿಕ್ಷೆ. ಇದಕ್ಕೂ ಆಳವಾದ ಆಧಾರವೊಂದಿದೆ. ಕರ್ನಾಟಕದ ಉಚ್ಚ ನ್ಯಾಯಾಲಯದಿಂದ ನಿವೃತ್ತರಾಗಿದ್ದ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ೨೦೧೭ರ ಆಗಸ್ಟ್ ೨೪ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಪ್ರಜೆಯ ಮೂಲಭೂತ ಹಕ್ಕೆಂದು ತೀರ್ಪಿತ್ತರು. ಎಂಬತ್ತು ದಾಟಿದ ಹಿರಿಯರೊಬ್ಬರು ಹೂಡಿದ ಆಧಾರ್ ಕುರಿತ ವ್ಯಾಜ್ಯದಿಂದ ಇಂದು ಒಬ್ಬ ಯುವ ಉಪಾಧ್ಯಾಯಿನಿಯ ಪುಟಕ್ಕೂ ಒಂದು ಅಗಳಿ ಬಿದ್ದಿದೆ. ಆದರೆ ಅಗಳಿಯನ್ನು ಹಾಕಿಕೊಳ್ಳಬೇಕಾದವರು ಒಳಗಿರುವವರೇ. ಯಾರು ನೋಡುತ್ತಾರೆ ಎಂಬ ಪಟ್ಟಿ ನಮ್ಮ ಕೈಯಲ್ಲಿಲ್ಲ, ಏನು ಕಾಣಬೇಕು ಎಂಬುದು ಸಾಕಷ್ಟು ಮಟ್ಟಿಗೆ ನಮ್ಮ ಕೈಯಲ್ಲಿದೆ. ಈ ಎರಡನೆಯದನ್ನು ಬಿಟ್ಟು ಮೊದಲನೆಯದರ ಬೆನ್ನು ಹತ್ತುವುದರಿಂದಲೇ ವಂಚಕರಿಗೆ ಸುಗ್ಗಿ.

ಅಂದು ಸಂಜೆ ಇಬ್ಬರೂ ಕುಳಿತು ಆ ಕೆಲಸ ಮಾಡಿದೆವು. ಅವಳ ಸ್ನೇಹಿತರ ಪಟ್ಟಿಯಲ್ಲಿ ಅವಳೇ ಗುರುತಿಸಲಾರದ ನೂರಾರು ಹೆಸರುಗಳಿದ್ದವು, ತೆಗೆದೆವು. ಆ ಮನುಷ್ಯನನ್ನೂ, ಅವನದೇ ಇರಬಹುದೆಂದು ಅವಳಿಗೆ ಸಂಶಯವಿದ್ದ ಇನ್ನೆರಡು ಖಾತೆಗಳನ್ನೂ ತಡೆದೆವು. ಅವನು ಹಿಂದೆ ಕಳುಹಿಸಿದ್ದ ಸಂದೇಶಗಳನ್ನು ಅಳಿಸದೆ, ದೂರಿಗೆ ಬೇಕಾದೀತೆಂದು ಪ್ರತಿಮಾಡಿ ಬೇರೆಡೆ ಇರಿಸಿದೆವು. ಪಾಸ್‌ವರ್ಡ್ ಬದಲಾಯಿತು. ಶಾಲೆಯ ಹೆಸರು, ಬಸ್ಸಿನ ವೇಳೆ ತಿಳಿಯುವಂತಿದ್ದ ಬರಹಗಳು ಹೋದವು. ಚಿತ್ರಗಳನ್ನೆಲ್ಲ ಸ್ನೇಹಿತರಿಗೆ ಮಾತ್ರ ಕಾಣುವಂತೆ ಮಾಡುತ್ತ ಬಂದು, ಒಂದರ ಬಳಿ ಅವಳ ಕೈ ನಿಂತಿತು. ಹಿಂದಿನ ವರ್ಷದ ರಾಜ್ಯೋತ್ಸವದಲ್ಲಿ ಮಕ್ಕಳ ನಡುವೆ ನಿಂತು ತೆಗೆಸಿಕೊಂಡ ಚಿತ್ರ. ಹಿನ್ನೆಲೆಯಲ್ಲಿ ಬರಿಯ ಗೋಡೆ. ಊರಾಗಲಿ ಶಾಲೆಯಾಗಲಿ ತಿಳಿಯುವಂತಿರಲಿಲ್ಲ.

“ಇದೊಂದು ಎಲ್ಲರಿಗೂ ಕಾಣೋ ಹಾಗೆ ಇರಲಿ ಸಾರ್” ಎಂದಳು. ಯಾರು ನೋಡಲೆಂದು ಎಂದು ನಾನು ಕೇಳಲಿಲ್ಲ. ಕತ್ತಲಾಗುತ್ತ ಬಂದಿತ್ತು, ಬಸ್ಸು ನಿಲ್ಲುವಲ್ಲಿಯವರೆಗೆ ಹೋಗಿ ಹತ್ತಿಸಿ ಬಂದೆ.