ಗಾಡಿ ಚೌಕಟ್ಟು ಮಾಡ್ಲಿ, ಆದ್ರ ಅಜ್ಜನ ಗಾಡಿ ಕೊಯ್ಯೋದು ಬ್ಯಾಡ

ಈ ಸಲ ಉಪ್ಪಿನಕಾಯಿನೂ ಅಲ್ಲ, ಹಪ್ಪಳಾನೂ ಅಲ್ಲ, ಮೋಟರ್‌ಸೈಕಲ್ ವಿಷಯ. ನಮ್ಮ ಹುಡುಗರು ಗಾಡಿ ಫ್ರೇಮ್ ತಾವ ಡಿಸೈನ್ ಮಾಡಿ, ತಾವ ವೆಲ್ಡಿಂಗ್ ಹೊಡದು ಮನಿ ಹಿತ್ತಲದಾಗ ಕೂಡಸ್ತೇವಿ ಅಂತ ಹೊಂಟಾರ. ‘ಇದು ಹೆಂಗಸರಿಗೇನ ತಿಳೀತೈತಿ’ ಅನ್ನೋರು ಅದಾರ. ರೊಕ್ಕಾ ಕೇಳೋದು ನಮ್ಮನ್ನ, ಹಿತ್ತಲಾ ಖಾಲಿ ಮಾಡಿಸೋದು ನಮ್ಮ ಕಡಿಂದ, ರಾತ್ರಿ ಗಾಡಿ ಸಪ್ಪಳ ಕೇಳೋತನಕಾ ಬಾಗಲದಾಗ ನಿಂದ್ರೋರೂ ನಾವ. ಅಂದಮ್ಯಾಲ ಮಾತಾಡೋ ಹಕ್ಕೂ ನಮಗ ಐತಿ.

ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೇನಿ. ಮಾಡ್ಲಿ, ಅಡ್ಡ ಹೋಗಬ್ಯಾಡ್ರಿ. ಆದ್ರ ಮನ್ಯಾಗಿನ ನಂಬರ್ ಇದ್ದ ಗಾಡಿ ಕೊಯ್ಯೋದು ಬ್ಯಾಡ, ಮಾಡಿದ್ದನ್ನ ರೋಡಿಗೆ ಇಳಸೋದು ಬ್ಯಾಡ.

ಗಬ್ಬೂರದಾಗ ಈ ಹುಚ್ಚು ಹುಟ್ಟಿದ್ರ ಆಶ್ಚರ್ಯ ಇಲ್ಲ. ಬೈಪಾಸ್ ಮಗ್ಗಲಕ ಲಾರಿ ಗ್ಯಾರೇಜು, ಆ ಕಡೆ ತಾರಿಹಾಳ, ಈ ಕಡೆ ಗೋಕುಲ ರೋಡಿನ ಕಾರಖಾನೆಗಳು. ಲೇಥ್ ಸಪ್ಪಳ ಕೇಳ್ಕೋತನ ಬೆಳದ ಹುಡುಗರು ಇವು. ಬರೇ ಮೊಬೈಲ್ ತಿಕ್ಕೋದಕ್ಕಿಂತ ಕಬ್ಬಿಣ ತಿಕ್ಕೋದು ಛೊಲೊ ಅಂತ ನಾ ಅಂತೇನಿ.

ಫ್ರೇಮ್ ಅಂದ್ರ ಗಾಡಿಯ ಬೆನ್ನೆಲಬು. ಎಂಜಿನ್ ಅದಕ್ಕ ಜೋತು ಬೀಳತೈತಿ, ಎರಡೂ ಗಾಲಿ ಅದಕ್ಕ ಕೂಡತಾವು, ಮ್ಯಾಲ ನಮ್ಮ ಮಗಾ ಕುಂದರ್ತಾನ. ಪೈಪು ಎಂಜಿನ್ ಕೆಳಗ ಹಾಯ್ದು ಅದನ್ನ ಹೊತ್ತಗೊಂಡಿದ್ರ ಅದಕ್ಕ ಕ್ರೇಡಲ್ ಫ್ರೇಮ್ ಅಂತಾರ. ಕ್ರೇಡಲ್ ಅಂದ್ರ ತೊಟ್ಟಲಾ. ತೊಟ್ಟಲಾ ಕಟ್ಟೋ ಮುಂದ ಹಗ್ಗಾ ಎರಡ ಸಲ ಜಗ್ಗಿ ನೋಡೋರು ನಾವು, ಇಲ್ಲಿ ಸುಮ್ಮ ಇರೂದು ಹೆಂಗ?

ಇದರಾಗ ನಮಗ ತಿಳೀದಿದ್ದು ಭಾಳ ಇಲ್ಲ. ಜಂಪರ್ ಹೊಲಿಯೋ ಮುಂದ ಮೊದಲ ಕಚ್ಚಾ ಟಾಕಿ ಹಾಕ್ತೇವಿ, ಅಳತಿ ಸರಿ ಬಂದಮ್ಯಾಲ ಪಕ್ಕಾ ಹೊಲಿಗಿ. ವೆಲ್ಡಿಂಗಿನಾಗೂ ಹಂಗ. ಒಂದ ಮೂಲಿ ಪೂರಾ ಬೆಸದು ಮುಗಿಸಿದ್ರ ಬಿಸಿಗೆ ಕಬ್ಬಿಣ ಆ ಕಡೆನ ಎಳೀತೈತಿ, ಇಡೀ ಚೌಕಟ್ಟು ಸೊಟ್ಟ ಆಗತೈತಿ. ಅದಕ್ಕ ಪೈಪುಗಳನ್ನ ಜಿಗ್ ಅನ್ನೋ ಗಟ್ಟಿ ಮಣಿ ಮ್ಯಾಲ ಬಿಗದು, ಎಲ್ಲಾ ಮೂಲಿಗೂ ಸಣ್ಣ ಸಣ್ಣ ಟಾಕಿ ಹಾಕಿ, ಆಮ್ಯಾಲ ಆ ಕಡೆ ಸ್ವಲ್ಪ ಈ ಕಡೆ ಸ್ವಲ್ಪ ಬೆಸೀಬೇಕು. ಕಡೀಕ ದಾರಾ ಹಿಡದು ನೋಡಿದ್ರ ಎರಡೂ ಗಾಲಿ ಒಂದ ಸಾಲಿಗೆ ಬರಬೇಕು. ಅಳತಿ ಹಿಡಿಯೋ ಕೈ ಹುಡುಗ್ಯಾರಿಗೂ ಐತಿ. ನಿಮ್ಮ ಮಗಳು ಕೇಳಿದ್ರ ಆಕಿಗೂ ಬ್ಯಾಡ ಅನಬ್ಯಾಡ್ರಿ.

ಇನ್ನ ಹ್ಯಾಂಡಲ್ ಕೂಡೋ ಕುತ್ತಿಗಿ. ಅದು ಎಷ್ಟ ಓರಿ ಇರಬೇಕು ಅನ್ನೋದ್ರಾಗ ಅರ್ಧ ವಿದ್ಯಾ ಐತಿ. ಸಾಮಾನ್ಯ ಗಾಡಿಗೆ ಹತ್ರ ಹತ್ರ 25ರಿಂದ 27 ಡಿಗ್ರಿ. ಕೂಲರ್ ದೂಡೋ ಮುಂದ ನೋಡ್ರಿ, ಅದರ ಸಣ್ಣ ಗಾಲಿ ತಿರುಗಿ ತಾನ ಹಿಂದ ಬರತಾವು. ಮುಂದಿನ ಗಾಲಿ ನೆಟ್ಟಗ ಓಡೋದು ಅದ ಗುಟ್ಟಿನಿಂದ. ಓರಿ ಕಡಿಮಿ ಆದ್ರ ಹ್ಯಾಂಡಲ್ ಚಂಚಲ ಆಗತೈತಿ. ಸಿನೆಮಾದಾಗಿನಂಗ ಮುಂದಿನ ಗಾಲಿ ಮಾರುದೂರ ಚಾಚಿದ್ರ ಬಜಾರದಾಗ ಹೊಳ್ಳಸೋದ ಕಷ್ಟ.

ಇಷ್ಟೆಲ್ಲಾ ಕಲಿಯೋದು ಒಳ್ಳೇದ. ನನ್ನ ತಕರಾರು ಹಳೇ ಗಾಡಿ ಕೊಯ್ಯೋದಕ್ಕ. ಭಾಳ ಮನ್ಯಾಗ ಅಜ್ಜನ ಕಾಲದ ಯೆಜ್ಡಿ ಮೂಲ್ಯಾಗ ನಿಂತಿರತೈತಿ. ಮೈಸೂರಿನ ಐಡಿಯಲ್ ಜಾವಾ ಕಾರಖಾನೆದಾಗ 1961ರಿಂದ ಗಾಡಿ ತಯಾರಾದವು, 1996ರಾಗ ಅದು ಬಾಗಲಾ ಹಾಕ್ತು. ಆ ಕಾರಖಾನೆ ಗಾಡಿ ಇನ್ನ ಮುಂದ ಹುಟ್ಟೂದಿಲ್ಲ. ಕೊಯ್ದಮ್ಯಾಲ ಹೊಳ್ಳಿ ಬರೂದಿಲ್ಲ.

ಕಾಯದೆನೂ ಕೇಳ್ರಿ. ಕಾರಖಾನೆಯವರು ಹೆಂಗ ಮಾಡ್ಯಾರೋ ಅದರ ಮೂಲ ಸ್ವರೂಪ ಬದಲ ಮಾಡಂಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿದಾಗ ಹೇಳೇತಿ. ಅದ ವರ್ಷ ತಿದ್ದುಪಡಿ ಆದ ಮೋಟಾರು ವಾಹನ ಕಾಯದೆ ಪ್ರಕಾರ, ಪರವಾನಗಿ ಇಲ್ಲದ ಬದಲಾವಣೆಗೆ ಮಾಲೀಕಗ ಒಂದೊಂದಕ್ಕ 5,000 ರೂಪಾಯಿ ದಂಡ, ಇಲ್ಲಾ 6 ತಿಂಗಳ ತನಕಾ ಜೇಲು, ಇಲ್ಲಾ ಎರಡೂ. ಮಾಲೀಕ ಅಂದ್ರ ಆರ್.ಸಿ.ದಾಗ ಹೆಸರಿದ್ದವರು. ಅಂದ್ರ ನಮ್ಮನಿಯವರು, ಒಮ್ಮೊಮ್ಮೆ ನಾವ. ಚಾಸಿ ನಂಬರ್ ಸಾಮಾನ್ಯವಾಗಿ ಆ ಕುತ್ತಿಗಿ ಮ್ಯಾಲ ಹೊಡದಿರತಾರ. ಅದು ಕೊಯ್ದು ಹೋತಂದ್ರ ನಮ್ಮ ಗಾಡಿನ ಕಳವಿನ ಗಾಡಿಯಂಗ ಕಾಣತೈತಿ. ಅಪಘಾತ ಆದ್ರ ವಿಮಾದವರೂ ತಕರಾರು ತಗೀತಾರ. ಮತ್ತ ಇಂಥಾ ಗಾಡಿ ‘ಟೆಸ್ಟ್’ ಮಾಡಾಕ ಹುಡುಗರು ಹೋಗೋದು ಎಲ್ಲಿಗೆ? ಗಬ್ಬೂರದಿಂದ ನರೇಂದ್ರದ ತನಕಾ ಇರೋ ಬೈಪಾಸಿಗೆ. ಆ ರೋಡ ಎಷ್ಟ ಮನಿ ದೀಪಾ ಆರಿಸೇತಿ ಅಂತ ನಿಮಗ ನಾ ಹೇಳಬೇಕಾ?

ಹಂಗಾರ ಮಾಡಿದ ಚೌಕಟ್ಟು ಏನ ಮಾಡೂದು? ಇಂಜಿನಿಯರಿಂಗ್ ಕಾಲೇಜಿನ ಹುಡುಗರಿಗೆ ಬಾಹಾ ಅಂತ ಸ್ಪರ್ಧಾ ಐತಿ. 2007ರಿಂದ ಇಂದೂರ ಹತ್ರದ ಪೀಥಂಪುರದಾಗ ನಡಕೋತ ಬಂದೈತಿ. ಅಲ್ಲಿ ನಾಕ ಗಾಲಿ ಬಂಡಿ, ಆದ್ರ ಪೈಪಿನ ಚೌಕಟ್ಟು ಹುಡುಗರ ಕೈದು. ಓಡಸೋ ಮೊದಲ ತಿಳದವರು ಪರೀಕ್ಷಾ ಮಾಡ್ತಾರ, ಹೆಲ್ಮೆಟ್ಟು, ಬೆಲ್ಟು ಇರತಾವು, ಎದುರಿಗೆ ಲಾರಿ ಬರೂದಿಲ್ಲ. ಅಂಥಾ ಕಡೆ ಹೋಗ್ಲಿ, ಇಲ್ಲಾ ಗ್ಯಾರೇಜಿನಾಗ ಮಾದರಿಯಾಗಿ ನಿಂದ್ರಲಿ. ಅದನ್ನ ತೋರಿಸಿದ್ರ ಕೆಲಸನೂ ಸಿಕ್ಕೀತು.

ಸರಕಾರಕ್ಕೂ ಒಂದ ಮಾತು. ಬ್ರಿಟನ್ನಿನಾಗ ಒಬ್ಬ ಮನುಷ್ಯಾ ಮನ್ಯಾಗ ಮಾಡಿದ ಒಂದ ಮೋಟರ್‌ಸೈಕಲ್ಲನ್ನೂ ಪರೀಕ್ಷಾ ಮಾಡಿ, ಪಾಸಾದ್ರ ನಂಬರ್ ಕೊಡೋ ಪದ್ಧತಿ ಐತಿ. ನಮ್ಮಲ್ಲಿ ಹೊಸಾ ಗಾಡಿಯ ಮಾದರಿ ಪುಣೆದ ಎ.ಆರ್.ಎ.ಐ.ಯಂಥಾ ಸಂಸ್ಥೆದಾಗ ಪಾಸಾಗಬೇಕು. ಅದು ಕಂಪನಿಗಳಿಗೆ ಸರಿ, ಒಂದ ಗಾಡಿ ಮಾಡೋ ಹುಡುಗಗ ಎಟಕೂದಿಲ್ಲ. ಬಾಗಲಾನ ಇಲ್ಲಂದ್ರ ಹುಡುಗರು ಕಿಡಕ್ಯಾಗ ಜಿಗೀತಾರ. ಪರೀಕ್ಷಾ ಎಷ್ಟ ಬೇಕಾದ್ರೂ ಕಡಕ್ ಇರ್ಲಿ, ಆದ್ರ ಒಂದ ಬಾಗಲಾ ಇಡಬೇಕು.

ಅಲ್ಲಿ ತನಕಾ, ರೊಕ್ಕಾ ಕೊಡೋ ಮೊದಲ ಮೂರ ಪ್ರಶ್ನೆ ಕೇಳ್ರಿ. ಒಂದು, ಯಾವ ಪೈಪು? ನಳದ ಜಿ.ಐ. ಪೈಪು ಅಂದ್ರ ಒಲ್ಲೆ ಅನ್ರಿ. ಗಾಡಿ ಭಾರಕ್ಕ ಅದು ಅಲ್ಲ, ಅದರ ಜಸ್ತದ ಹೊಗಿ ಕುಡದ್ರ ಚಳಿಜ್ವರಾ ಬರತೈತಿ. ಎರಡು, ಕಣ್ಣಿಗೇನು? ಕರೇ ಚಸ್ಮಾ ನಡೆಯಂಗಿಲ್ಲ, ವೆಲ್ಡಿಂಗ್ ಮುಖವಾಡನ ಬೇಕು. ಮೂರು, ಮುರದು ತೋರಸ್ತೀಯೇನು? ಹಪ್ಪಳದ ಹಿಟ್ಟು ಪೂರಾ ಲಟ್ಟಿಸೋ ಮೊದಲ ಒಂದು ಸುಟ್ಟು ನೋಡ್ತೇವಲ್ಲ, ಹಂಗ ಎರಡ ತುಂಡು ಪೈಪು ಬೆಸದು, ಶಾಣ್ಯಾಕ ಹಾಕಿ ಬಡದು ತೋರಸ್ಲಿ. ಬೆಸಿಗಿ ಬಿಟ್ಟರ ಇನ್ನೂ ಕಲೀಬೇಕು ಅಂತ. ಪೈಪು ಬಾಗಿ ಬೆಸಿಗಿ ಗಟ್ಟಿ ನಿಂತ್ರ, ಹಿತ್ತಲದಾಗಿನ ಹಗ್ಗದ ಅರಿಬಿ ತಗದು ಜಾಗಾ ಮಾಡಿ ಕೊಡ್ರಿ.