ಓಡುವ ಹುಡುಗನಿಗೆ ಪಟ್ಟಿ ಕೊಡೋಣ, ಜೊತೆಗೆ ಪ್ರಶ್ನೆಯನ್ನೂ ಕೊಡೋಣ



ನಮ್ಮ ರಾಯಬಾಗ ಕಡೆಯ ಹುಡುಗನೊಬ್ಬ ಪುಣೆಯಲ್ಲಿ ಕಂಪನಿ ಕೆಲಸದಲ್ಲಿದ್ದಾನೆ. ಬರುವ ಜನವರಿಗೆ ಮುಂಬೈ ಮ್ಯಾರಥಾನ್ ಓಡ್ತಾನಂತೆ. ಪೂರಾ 42 ಕಿಲೋಮೀಟರ್. ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸ್ತೀನಿ, ಕೈಲಾದಷ್ಟು ಕೊಡ್ರಿ ಅಂತ ಗ್ರೂಪಿನಲ್ಲಿ ಲಿಂಕ್ ಹಾಕಿದ. ಹಾಕಿದ್ದೇ ತಡ, ಗೇಲಿ ಶುರುವಾಯ್ತು. "ನಮ್ಮಪ್ಪ ಕಬ್ಬಿನ ಗ್ಯಾಂಗಿನ್ಯಾಗ ಜೀವಮಾನ ಓಡ್ಯಾನ, ಅವಗ ಯಾರ ರೊಕ್ಕ ಕೊಟ್ರು?" "ಶ್ರೀಮಂತರ ಶೋಕಿ ಬಿಡೋ ತಮ್ಮಾ." ಒಬ್ಬ ಹಿರಿಯರಂತೂ ಅವನ ಬೂಟಿನ ರೇಟು ಕೇಳಿದರು.

ಈ ಗೇಲಿ ನನಗೆ ಸರಿ ಕಾಣಲಿಲ್ಲ. ಆದರೆ ಆ ಲಿಂಕಿನಲ್ಲಿ ಬರೆದದ್ದೂ ಸಾಲದು ಅನಿಸಿತು. ಎರಡನ್ನೂ ಹೇಳ್ತೀನಿ.

ಹೀಗೆ ಓಡಿ ಹಣ ಕೂಡಿಸೋದನ್ನ ಜಗತ್ತಿಗೇ ತೋರಿಸಿದವನು ಕೆನಡಾದ ಟೆರಿ ಫಾಕ್ಸ್. ಹದಿನೆಂಟರ ವಯಸ್ಸಿಗೆ ಮೂಳೆ ಕ್ಯಾನ್ಸರ್ ಬಂದು ಬಲಗಾಲು ಹೋಯ್ತು. 1980ರ ಏಪ್ರಿಲ್ 12ರಂದು ಕೃತಕ ಕಾಲಿನ ಮೇಲೆ ಓಡಲು ಶುರು ಮಾಡಿದ. ದಿನಕ್ಕೆ ಹೆಚ್ಚುಕಡಿಮೆ ಒಂದು ಮ್ಯಾರಥಾನ್. ಅಂದ್ರೆ ನಿಪ್ಪಾಣಿಯಿಂದ ಕೊಲ್ಲಾಪುರದಷ್ಟು ದೂರ, ದಿನಾ! 143 ದಿನ, 5,373 ಕಿಲೋಮೀಟರ್ ಆದ ಮೇಲೆ ಕ್ಯಾನ್ಸರ್ ಪುಪ್ಪುಸಕ್ಕೆ ಬಂತು, ನಿಂತ. ಮರುವರ್ಷ ಜೂನ್‌ನಲ್ಲಿ ತೀರಿಕೊಂಡ. ಇನ್ನೂ 22 ವಯಸ್ಸು. ಅವನು ಕೇಳಿದ್ದು ಏನು ಗೊತ್ತೇ? ದೇಶದ ಪ್ರತಿಯೊಬ್ಬರಿಂದ ಒಂದೊಂದು ಡಾಲರ್. ಅಷ್ಟೂ ಕೂಡಿತು, ಎರಡು ಕೋಟಿ ನಲವತ್ತು ಲಕ್ಷ ಡಾಲರಿಗೂ ಮೇಲೆ.

ಇದು ನಮ್ಮ ಪಟ್ಟಿ ಎತ್ತೋದೇ ಅಲ್ವೇನ್ರೀ? ಬಾಬಾಸಾಹೇಬರು 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯ ಬಹಿಷ್ಕೃತ ಹಿತಕಾರಿಣಿ ಸಭೆಯ ಅಧಿವೇಶನಕ್ಕೆ ಬಂದು ನೂರು ವರ್ಷ ತುಂಬಿದಾಗ ನಾವೂ ಮನೆಮನೆ ಅಡ್ಡಾಡಿದ್ವಿ. ಹತ್ತು ರೂಪಾಯಿ ಕೊಟ್ಟ ಮುದುಕಿ ಹೆಸರನ್ನೂ ಬರೆದುಕೊಂಡ್ವಿ. ಹಾಗಾಗಿ ಆ ಹುಡುಗನ ಬೂಟಿನ ರೇಟು ಕೇಳೋದು ಬೇಡ.

ಆದರೆ ಪಟ್ಟಿ ಕೊಟ್ಟವರು ಲೆಕ್ಕ ಕೇಳೋದೂ ನಮ್ಮಲ್ಲಿ ರೂಢಿ. ಲಿಂಕಿನಲ್ಲಿ "ಕ್ಯಾನ್ಸರ್ ಸಂಶೋಧನೆಗೆ" ಅಂತ ಒಂದೇ ಮಾತು ಐತಿ. ಯಾರ ಕ್ಯಾನ್ಸರ್? ಯಾರ ಮೈ ಮೇಲೆ ಸಂಶೋಧನೆ?

ಈ ಪ್ರಶ್ನೆ ನಾನು ಸುಮ್ಮನೆ ಕೇಳ್ತಿಲ್ಲ. 1998ರಲ್ಲಿ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ ಝೋಪಡಪಟ್ಟಿಯ ಸುಮಾರು ಒಂದೂವರೆ ಲಕ್ಷ ಹೆಣ್ಣುಮಕ್ಕಳನ್ನು ತೆಗೆದುಕೊಂಡು ಗರ್ಭಕಂಠದ ಕ್ಯಾನ್ಸರಿನ ಅಧ್ಯಯನ ಶುರು ಮಾಡಿತು. ಅರ್ಧ ಜನಕ್ಕೆ ವಿನೆಗರ್ ಹಚ್ಚಿ ನೋಡುವ ಸರಳ ತಪಾಸಣೆ, ಎರಡು ವರ್ಷಕ್ಕೊಮ್ಮೆ. ಉಳಿದ ಅರ್ಧಕ್ಕೆ ಆರೋಗ್ಯದ ತಿಳಿವಳಿಕೆ ಹೇಳಿ ಬಿಟ್ಟರು. ತಪಾಸಣೆ ಆದವರಲ್ಲಿ ಸಾವು 31% ಕಡಿಮೆ ಆಯ್ತು ಅಂತ 2013ರಲ್ಲಿ ಅಮೆರಿಕದ ದೊಡ್ಡ ಸಮ್ಮೇಳನದಲ್ಲಿ ಹೇಳಿದರು. ಚಪ್ಪಾಳೆ ಬಿತ್ತು. ಆ ಫಲಿತಾಂಶ ಸಣ್ಣದಲ್ಲ. ಕಡಿಮೆ ಖರ್ಚಿನಲ್ಲಿ ಜೀವ ಉಳಿಸಬಹುದು ಅಂತ ಗೊತ್ತಾಯ್ತು, ಅದನ್ನ ಒಪ್ಪಲೇಬೇಕು. ಆದರೆ ತಪಾಸಣೆಯಿಂದ ಈ ರೋಗ ತಡೆಯಬಹುದು ಅನ್ನೋದು ಹೊರದೇಶದಲ್ಲಿ ದಶಕಗಳ ಹಿಂದೆಯೇ ಗೊತ್ತಿದ್ದ ಮಾತು. ಮುಂಬೈ, ಉಸ್ಮಾನಾಬಾದ್, ತಮಿಳುನಾಡಿನ ದಿಂಡಿಗಲ್, ಈ ಮೂರು ಅಧ್ಯಯನ ಸೇರಿ ತಪಾಸಣೆ ಇಲ್ಲದ ಗುಂಪುಗಳಲ್ಲಿ 254 ಹೆಣ್ಣುಮಕ್ಕಳು ಅದೇ ಕ್ಯಾನ್ಸರಿನಿಂದ ಸತ್ತರು ಅಂತ ವೈದ್ಯಕೀಯ ನೀತಿಯ ಪತ್ರಿಕೆಯಲ್ಲಿ ಲೆಕ್ಕ ಬಂತು. ದೇಶದಲ್ಲೇ ತಪಾಸಣೆ ಇರಲಿಲ್ಲ, ಹಾಗಾಗಿ ನಾವು ಏನನ್ನೂ ಕಸಿದುಕೊಂಡಿಲ್ಲ ಅನ್ನೋದು ಅಧ್ಯಯನ ಮಾಡಿದವರ ವಾದ. ಝೋಪಡಪಟ್ಟಿಯಲ್ಲಿ ಯಾರು ಇರ್ತಾರೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ನಮ್ಮೂರಿಗೆ ಬರ್ತೀನಿ. ನನ್ನವ್ವ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಹತ್ತೊಂಬತ್ತು ವರ್ಷ ದುಡಿದಳು. ಸೀರೆ ಸೆರಗೇ ಅವಳ ಮಾಸ್ಕು. ಸಂಜೆ ಮನೆಗೆ ಬಂದರೆ ಕೂದಲು, ಹುಬ್ಬು ಎಲ್ಲ ಕಂದು ಬಣ್ಣ, ಅವಳ ಮಗ್ಗುಲಲ್ಲಿ ಮಲಗಿದರೆ ನಮಗೂ ಸೀನು. ಕೆಮ್ಮು ಶುರುವಾದಾಗ ಒಂದು ದವಾಖಾನೆಯಲ್ಲಿ ಟಿಬಿ ಅಂದರು, ಇನ್ನೊಂದರಲ್ಲಿ ಅಲ್ಲ ಅಂದರು. ಏನು ಕೆಲಸ ಮಾಡ್ತೀಯವ್ವಾ ಅಂತ ಎರಡೂ ಕಡೆ ಒಬ್ಬರೂ ಕೇಳಲಿಲ್ಲ. ಅವಳು ಹೋಗಿದ್ದು ಯಾವ ರೋಗದಿಂದ ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ.

1981ರಲ್ಲಿ ತಂಬಾಕಿನ ದರಕ್ಕಾಗಿ ರೈತರು ನಿಪ್ಪಾಣಿ ಹೆದ್ದಾರಿಯಲ್ಲಿ ಕುಂತರು, ಗೋಲಿಬಾರ್ ಆಯ್ತು, ಜೀವ ಹೋದವು. ಅದು ನೆನಪಲ್ಲಿದೆ, ಇರಬೇಕು. ಅದೇ ಕಾಲಕ್ಕೆ ವಖಾರಿ ಹೆಣ್ಣುಮಕ್ಕಳೂ ಸಂಘ ಕಟ್ಟಿದ್ದರು. 1982ರಲ್ಲಿ ಯುಗಾಂತರ್ ತಂಡದವರು ಅವರ ಮೇಲೆ ಒಂದು ಸಿನಿಮಾನೇ ಮಾಡಿದರು. ಅದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ನಾನು ಹುಡುಗನಿಗೆ ಫೋನ್ ಮಾಡಿದೆ. ಹಣ ಯಾವ ಸಂಸ್ಥೆಗೆ ಹೋಗಬೇಕು ಅಂತ ಓಡುವವನೇ ಆರಿಸ್ತಾನಂತೆ. ಹಂಗಾದ್ರ ಕೇಳೋಣ ತಮ್ಮಾ ಅಂದೆ. ಈ ಹಣದಲ್ಲಿ ರೋಗಿಗಳ ಔಷಧಕ್ಕೆ ಎಷ್ಟು, ಸಂಶೋಧನೆಗೆ ಎಷ್ಟು? ಬೀಡಿ ಕಟ್ಟೋರ, ವಖಾರಿಯವರ ಕಾಯಿಲೆ ಅದರಲ್ಲಿ ಬರುತ್ತದೋ ಇಲ್ಲೋ? ಸಹಿ ಹಾಕಿಸೋ ಕಾಗದ ಕನ್ನಡ, ಮರಾಠಿಯಲ್ಲಿ ಐತೋ, ಓದೋಕೆ ಬಾರದವರಿಗೆ ಕುಂತು ಹೇಳೋರು ಯಾರು? ಅಧ್ಯಯನ ಮುಗಿದ ಮೇಲೆ ಆ ಹೆಂಗಸರಿಗೆ ಔಷಧ ಸಿಗುತ್ತದೋ?

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಕ್ಕಾ, ನಮ್ಮ ಅಜ್ಜಿನೂ ಬೀಡಿ ಕಟ್ತಿದ್ಳು, ನಾ ಇದನ್ನ ಯಾಕ ಕೇಳಲಿಲ್ಲ" ಅಂದ.

ನಿನ್ನೆ ಅವನು ಆ ಪ್ರಶ್ನೆಗಳನ್ನ ಸಂಸ್ಥೆಗೆ ಬರೆದು ಕಳಿಸಿದ್ದಾನೆ. ನಾನು ಅವ್ವನ ಹೆಸರಲ್ಲಿ 500 ರೂಪಾಯಿ ಹಾಕಿದ್ದೀನಿ. ಚಿಕ್ಕೋಡಿ, ಅಥಣಿ, ಕಾಗವಾಡದ ಗೆಳೆಯರು ಹತ್ತೋ ಇಪ್ಪತ್ತೋ ಹಾಕ್ರಿ, ಲಿಂಕ್ ಕಮೆಂಟಿನಲ್ಲಿದೆ. ಸಂಸ್ಥೆಯ ಉತ್ತರ ಬಂದರೆ ಇದ್ದದ್ದು ಇದ್ದ ಹಾಗೆ ಇಲ್ಲೇ ಹಾಕ್ತೀನಿ. ಬರದಿದ್ದರೆ ಅದನ್ನೂ ಹಾಕ್ತೀನಿ.

ಜೈ ಭೀಮ್.