ಹಾಸ್ಟೆಲ್ ಹಿಂದಿನ ಬೆರಕೆ ಸೊಪ್ಪು

ಯುಗಾದಿ ಆದಮೇಲೆ ಎರಡು ಮಳೆ ಬಿತ್ತಲ್ಲ, ಹಾಸ್ಟೆಲ್ ಹಿಂದಿನ ಖಾಲಿ ಜಾಗ ಪೂರ್ತಿ ಹಸಿರಾಗಿತ್ತು. ನಾವು ಆ ಕಡೆ ಹೋಗೋದು ಕ್ರಿಕೆಟ್ ಬಾಲ್ ಹುಡುಕೋಕೆ ಮಾತ್ರ. ಒಂದಿನ ಬೆಳಗ್ಗೆ ಕ್ಯಾಂಪಸ್ ಗುಡಿಸುವ ಅಕ್ಕ ಒಬ್ಬರು ಅಲ್ಲಿ ಕೂತು ಏನೋ ಚಿವುಟುತ್ತಿದ್ದರು.

“ಈ ಕಳೆ ಯಾಕಕ್ಕಾ?” ಅಂದೆ.

“ಕಳೆ ಅಲ್ಲ ಕಣಪ್ಪ. ಇದು ಗೋಣಿ ಸೊಪ್ಪು, ಅದು ಹೊನಗೊನೆ, ಅಲ್ಲಿರೋದು ಅಣ್ಣೆ. ಇವತ್ತು ಬೆರಕೆ ಸೊಪ್ಪಿನ ಸಾರು.”

ನಾಚಿಕೆ ಆಯ್ತು. ಅಜ್ಜಿ ಮನೆಯಲ್ಲಿ ಮುದ್ದೆ ಜೊತೆ ಅದೇ ಸಾರನ್ನ ಎಷ್ಟೋ ಸಲ ಉಂಡಿದ್ದೀನಿ. ಅದರಲ್ಲಿ ಬೀಳುವ ಒಂದು ಗಿಡದ ಗುರುತೂ ನನಗೆ ಇರಲಿಲ್ಲ.

ಮುಂದಿನ ವಾರ ಅಲ್ಲಿ ಕಳೆನಾಶಕ ಹೊಡೆದರು. ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಅವತ್ತು ಅವರು ರಜೆಯಲ್ಲಿದ್ದರು, ಅದಕ್ಕೇ ಆ ಸೊಪ್ಪು ಅವರ ಮನೆಯ ಸಾರಿಗೆ ಬೀಳಲಿಲ್ಲ. ನನ್ನ ತಕರಾರು ಇಲ್ಲಿಂದ ಶುರು.

ನಾವು ಸೂಪರ್‌ಫುಡ್ ಅಂತ ಚಿಯಾ ಬೀಜ ತರಿಸ್ತೀವಿ, ಒಮೆಗಾ-3 ಇದೆ ಅಂತ. ಸೊಪ್ಪುಗಳ ಪೈಕಿ ಒಮೆಗಾ-3ಗೆ ಹೆಸರಾಗಿರೋದು ಇದೇ ಗೋಣಿ ಸೊಪ್ಪು. ನೀರು ಹಾಕೋರಿಲ್ಲ, ಗೊಬ್ಬರ ಹಾಕೋರಿಲ್ಲ, ಆದರೂ ಬರುತ್ತೆ. ಅದನ್ನ ದುಡ್ಡು ಕೊಟ್ಟು ಸಾಯಿಸ್ತಿದ್ದೀವಿ.

ಹಾಗಂತ ಹಸಿರಾಗಿರೋದೆಲ್ಲ ಔಷಧಿ ಅನ್ನೋ ವಾಟ್ಸಾಪ್ ಫಾರ್ವರ್ಡ್‌ಗಳನ್ನೂ ನಾನು ನಂಬಲ್ಲ. ಹೊನಗೊನೆ ಕಣ್ಣಿಗೆ ಒಳ್ಳೇದು ಅಂತಾರೆ. ಸೊಪ್ಪಿನಲ್ಲಿ ವಿಟಮಿನ್ ಎ ಆಗಿ ಬದಲಾಗುವ ಕೆರೋಟಿನ್ ಇದೆ, ಸರಿ. ಅದನ್ನ ತಿಂದರೆ ನನ್ನ ಕನ್ನಡಕ ಹೋಗಲ್ಲ. ಗೋಣಿ ಸೊಪ್ಪಿನಲ್ಲಿ ಆಕ್ಸಲೇಟ್ ಜಾಸ್ತಿ, ಕಿಡ್ನಿ ಕಲ್ಲು ಇರೋರು ದೂರ ಇರಬೇಕು. ಗಣಿಕೆ ಸೊಪ್ಪು ಬೇಯಿಸಿ ತಿಂತಾರೆ, ಅದರ ಹಸಿರು ಕಾಯಿ ಮಾತ್ರ ವಿಷ. ಚರಂಡಿ ಪಕ್ಕದ್ದು, ಔಷಧಿ ಹೊಡೆದಿದ್ದು ಮುಟ್ಟಲೇಬಾರದು.

ಗುರುತಿಸೋಕೆ ಆ್ಯಪ್ ಇದೆಯಲ್ಲ ಅಂತೀರಾ? ನಾನೂ ಟ್ರೈ ಮಾಡಿದೆ. ನೆಲಕ್ಕೆ ಹರಡಿದ್ದ ಒಂದು ಗಿಡದ ಫೋಟೋ ತೆಗೆದರೆ ಗೋಣಿ ಸೊಪ್ಪು ಅಂತ ತೋರಿಸಿತು. ಅಕ್ಕ ಅದರ ಕಾಂಡ ಮುರಿದರು, ಬಿಳಿ ಹಾಲು ಬಂತು. “ಹಾಲು ಬಂದ್ರೆ ಗೋಣಿ ಸೊಪ್ಪಲ್ಲ, ಬಿಸಾಕು” ಅಂದರು. ಗೋಣಿ ಸೊಪ್ಪಿನ ಕಾಂಡ ಮುರಿದರೆ ಬರೋದು ನೀರು. ಫೋಟೋದಲ್ಲಿ ಕಾಂಡ ಮುರಿಯೋಕೆ ಆಗಲ್ಲವಲ್ಲ! ಜೊತೆಗೆ ಇನ್ನೊಂದು ಮಾತು ಹೇಳಿದರು: “ಕುಡಿ ಚಿವುಟು, ಬೇರು ಕೀಳಬೇಡ.” ಕುಡಿ ಚಿವುಟಿದರೆ ಅದೇ ಗಿಡ ಮತ್ತೆ ಚಿಗುರುತ್ತೆ.

ಕೇಳೋದು ಇಷ್ಟೇ. ಕಳೆನಾಶಕ ಬೀಳದ ಬೇರೊಂದು ತುಂಡು ಜಾಗವನ್ನ ಕ್ಯಾಂಪಸ್‌ನಲ್ಲಿ ಗುರುತು ಮಾಡಿ ಬಿಡಲಿ. ಪಾರ್ಥೇನಿಯಂ ಬಂದರೆ ಗ್ಲೌಸ್ ಹಾಕ್ಕೊಂಡು ನಾವೇ ಕೀಳ್ತೀವಿ. ಬೇರೆ ಕಡೆ ಹೊಡೆಯೋದಾದರೆ ಹಿಂದಿನ ದಿನವೇ ಕನ್ನಡದಲ್ಲಿ ಬೋರ್ಡ್ ಹಾಕಲಿ, ಓದೋಕೆ ಬರದವರಿಗೆ ಬಾಯಲ್ಲೂ ಹೇಳಲಿ. ನಮ್ಮ ಕನ್ನಡ ಸಂಘ ಒಂದು ಶನಿವಾರ ಅಕ್ಕಂದಿರನ್ನ ಕರೆಸಿ ಸೊಪ್ಪು ಗುರುತಿಸೋದು ಕಲಿಸಲಿ. ಹೊರಗಿಂದ ಬರುವ ಅತಿಥಿಗಳಿಗೆ ಕೊಡುವ ಗೌರವಧನವನ್ನ ಅವರಿಗೂ ಕೊಡಲಿ. ಬರೀ ಶಾಲು ಹೊದಿಸಿ ಕಳಿಸೋದು ಬೇಡ.